ಆಶ್ರಯದ ಆಟ: ಎಚ್.ಎ.ಎಲ್. ಫುಟ್‌ಬಾಲ್ ತಂಡದ ಏಳುಬೀಳು ಮತ್ತು ಹುಬ್ಬಳ್ಳಿ-ಧಾರವಾಡಕ್ಕೆ ಅದರ ಪಾಠ

ಕರ್ನಾಟಕದ ಸಾಮಾಜಿಕ ಇತಿಹಾಸದ ಬರವಣಿಗೆಯಲ್ಲಿ ಕ್ರೀಡೆಗೆ ದೊರೆತಿರುವ ಪುಟಗಳು ಕಡಿಮೆ. ಆ ಪುಟಗಳಲ್ಲಿಯೂ ಫುಟ್‌ಬಾಲಿಗೆ ಸಂದ ಪಾಲು ಅತ್ಯಲ್ಪ. ಗೆದ್ದ ಕಪ್ಪುಗಳ ಪಟ್ಟಿ ಅಲ್ಲಲ್ಲಿ ಸಿಗುತ್ತದೆಯಾದರೂ, ಒಂದು ತಂಡ ಹೇಗೆ ಹುಟ್ಟಿತು, ಯಾರ ಹಣದಿಂದ ಬದುಕಿತು, ಏಕೆ ಮರೆಯಾಯಿತು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಪ್ರಸ್ತುತ ಲೇಖನವು ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಫುಟ್‌ಬಾಲ್ ತಂಡವನ್ನು, ಅಂದರೆ ಎಚ್.ಎ.ಎಲ್. ತಂಡವನ್ನು, ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುತ್ತದೆ. ಹುಬ್ಬಳ್ಳಿ-ಧಾರವಾಡದ ಹೆಸರನ್ನು ಹೊತ್ತ ಯಾವ ಕ್ಲಬ್ಬೂ ದೇಶದ ಅಗ್ರ ಲೀಗಿನಲ್ಲಿ ಆಡಿಲ್ಲ. ಮುಂದೊಂದು ದಿನ ಅಂಥ ಕ್ಲಬ್ಬನ್ನು ಕಟ್ಟಬಯಸುವವರು ಮೊದಲು ಓದಬೇಕಾದದ್ದು, ಕಟ್ಟಿದ ಮನೆಗಳು ಬಿದ್ದ ಬಗೆಯನ್ನು. ಆದ್ದರಿಂದ ಅವಳಿನಗರದ ದೃಷ್ಟಿಯಿಂದಲೂ ಈ ವಿವೇಚನೆ ಅಗತ್ಯವೆನಿಸುತ್ತದೆ.

ದಂಡಿನ ಮೈದಾನದಿಂದ ಊರಿನ ಆಟಕ್ಕೆ

ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿದ್ದು 1809ರಲ್ಲಿ. ಸೈನಿಕರ ಆಟವಾಗಿ ಬಂದ ಫುಟ್‌ಬಾಲು ದಂಡಿನ ಸುತ್ತಮುತ್ತಲಿನ ಕೇರಿಗಳಿಗೆ ಇಳಿಯಿತು. ಅಲ್ಲಿ ವಾಸವಾಗಿದ್ದ ಮುಸ್ಲಿಮರು, ತಮಿಳು ಮಾತಾಡುವ ಕುಟುಂಬಗಳು, ಆಂಗ್ಲೋ-ಇಂಡಿಯನ್ನರು ಅದನ್ನು ತಮ್ಮದಾಗಿಸಿಕೊಂಡರು. ಈ ನೆಲೆಯಿಂದ ಬೆಳೆದ ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿತು. 1891ರಿಂದ ನಡೆದುಬಂದಿದ್ದ ಆ ಪಂದ್ಯಾವಳಿಯನ್ನು ಭಾರತೀಯ ತಂಡವೊಂದು ಗೆದ್ದದ್ದು ಅದೇ ಮೊದಲು. ಆ ಕಾಲದ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ಬಾರಿ ಕಲ್ಕತ್ತಾ ಲೀಗನ್ನು ಗೆದ್ದ ತಂಡವೆಂಬುದನ್ನು ನೆನೆದರೆ ಈ ಜಯದ ತೂಕ ತಿಳಿಯುತ್ತದೆ. ಬೆಂಗಳೂರಿನ ತಂಡ 1938ರಲ್ಲಿಯೂ 1948ರಲ್ಲಿಯೂ ಅದೇ ಕಪ್ಪನ್ನು ಮತ್ತೆ ಗೆದ್ದಿತು.

ಮೈಸೂರು ರಾಜ್ಯದ ತಂಡವು ಸಂತೋಷ್ ಟ್ರೋಫಿಯನ್ನು 1946, 1952, 1967 ಮತ್ತು 1968ರ ಋತುಗಳಲ್ಲಿ ಗೆದ್ದುಕೊಂಡಿತು. 1948ರ ಲಂಡನ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ಫ್ರಾನ್ಸಿನ ವಿರುದ್ಧ ಭಾರತವು 1-2ರಿಂದ ಸೋತ ಪಂದ್ಯದಲ್ಲಿ ನಮ್ಮ ಕಡೆಯ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1952ರ ಒಲಿಂಪಿಕ್ಸಿನಲ್ಲಿಯೂ ಆಡಿದರು. ಆದರೆ ಇಲ್ಲಿಯೇ ಮೊದಲ ಬಿರುಕು ಕಾಣುತ್ತದೆ. ರಾಮನ್ ಮೋಹನ್ ಬಾಗಾನ್ ಸೇರಿದರು. ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ಪ್ರಸಿದ್ಧ ‘ಪಂಚಪಾಂಡವ’ರಲ್ಲಿ ಒಬ್ಬರಾದರು. ಬೆಂಗಳೂರು ಆಟಗಾರರನ್ನು ಬೆಳೆಸಿತು, ಅವರ ಯೌವನ ಕಲ್ಕತ್ತೆಗೆ ಸಂದಿತು. ಪ್ರತಿಭೆಯ ಕೊರತೆ ಎಂದೂ ಇರಲಿಲ್ಲ. ಅದನ್ನು ಊರಿನಲ್ಲಿ ಹಿಡಿದಿಡಬಲ್ಲ ಸಂಸ್ಥೆಯ ಕೊರತೆಯಿತ್ತು.

ಕಾರ್ಖಾನೆಯ ತಂಡ

ಈ ಕೊರತೆಯನ್ನು ಒಂದು ಬಗೆಯಲ್ಲಿ ತುಂಬಿದವು ಕಾರ್ಖಾನೆಗಳು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. 1964ರಲ್ಲಿ ಅದು ಹಿಂದುಸ್ತಾನ್ ಏರೋನಾಟಿಕ್ಸ್ ಆಯಿತು. 1948ರಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ, ಅಂದರೆ ಐ.ಟಿ.ಐ., ಸ್ಥಾಪನೆಗೊಂಡಿತು. ಈ ಉದ್ದಿಮೆಗಳು ವಸತಿ, ಶಾಲೆ, ಆಸ್ಪತ್ರೆಗಳೊಂದಿಗೆ ಆಟದ ಬಯಲನ್ನೂ ಒಳಗೊಂಡ ಪುಟ್ಟ ಪಟ್ಟಣಗಳಾಗಿ ಬೆಳೆದವು. ಆಟದಲ್ಲಿ ಹೆಸರು ಮಾಡಿದ ತರುಣನಿಗೆ ಅಲ್ಲಿ ನೌಕರಿ ದೊರೆಯುತ್ತಿತ್ತು.

ಇದರ ಏರ್ಪಾಡು ಸರಳವಾದದ್ದು. ಆಟಗಾರನು ಮೊದಲು ನೌಕರ, ಅನಂತರ ಆಟಗಾರ. ಅಭ್ಯಾಸಕ್ಕೂ ಪಂದ್ಯಗಳಿಗೂ ಅವನಿಗೆ ಕೆಲಸದಿಂದ ಬಿಡುವು ಸಿಗುತ್ತಿತ್ತು. ಸಂಬಳ, ಬಡ್ತಿ, ನಿವೃತ್ತಿವೇತನಗಳು ಉಳಿದ ನೌಕರರಂತೆಯೇ. ಮೊಣಕಾಲು ಮುರಿದರೆ ಆಟ ನಿಲ್ಲುತ್ತಿತ್ತು, ಅನ್ನ ನಿಲ್ಲುತ್ತಿರಲಿಲ್ಲ. ಬಡ ಕುಟುಂಬದ ಹುಡುಗನೊಬ್ಬ ಕಾಲಿನ ಕೌಶಲದಿಂದ ಮಧ್ಯಮವರ್ಗದ ಬದುಕಿಗೆ ಏರಲು ಇದಕ್ಕಿಂತ ಭದ್ರವಾದ ಮೆಟ್ಟಿಲು ಬೇರೆ ಇರಲಿಲ್ಲ. ವೃತ್ತಿಪರತೆಯ ಹೆಸರಿನಲ್ಲಿ ಈ ವ್ಯವಸ್ಥೆಯನ್ನು ಹಗುರವಾಗಿ ಕಾಣುವವರು ಈ ಅಂಶವನ್ನು ಮರೆಯಬಾರದು.

ಆದರೆ ಅದೇ ಏರ್ಪಾಡಿನಲ್ಲಿ ಅದರ ಮಿತಿಯೂ ಅಡಗಿತ್ತು. ನೇಮಕಾತಿ ಸಂಸ್ಥೆಯ ನಿಯಮಗಳಿಗೆ ಒಳಪಟ್ಟದ್ದು. ತಂಡಕ್ಕೆ ಬೇಕಾದಾಗ ಆಟಗಾರನನ್ನು ಕೊಳ್ಳುವುದು, ಬೇಡವಾದಾಗ ಬಿಡುವುದು ಸಾಧ್ಯವಿಲ್ಲ. ಬೇರೆ ಕ್ಲಬ್ಬುಗಳಂತೆ ವಿದೇಶಿ ಆಟಗಾರರನ್ನು ಕರೆತರುವುದಂತೂ ದೂರದ ಮಾತು. ತಂಡದ ಖರ್ಚು ಕಾರ್ಖಾನೆಯ ಕಲ್ಯಾಣ ಕಾರ್ಯಗಳ ಲೆಕ್ಕದಲ್ಲಿ ಸೇರಿದ್ದರಿಂದ ಕಾರ್ಖಾನೆಯ ಸ್ಥಿತಿಯೇ ತಂಡದ ಸ್ಥಿತಿ. 1990ರ ದಶಕದಲ್ಲಿ ದೂರಸಂಪರ್ಕ ಮಾರುಕಟ್ಟೆ ಖಾಸಗಿಯವರಿಗೆ ತೆರೆದುಕೊಂಡು ಐ.ಟಿ.ಐ. ಸಂಕಷ್ಟಕ್ಕೆ ಸಿಲುಕಿದಾಗ ಅದರ ತಂಡವೂ ಸೊರಗಿತು. ಚೆಂಡಿಗೂ ದೂರವಾಣಿ ಯಂತ್ರಕ್ಕೂ ಸಂಬಂಧವಿಲ್ಲ. ಆದರೆ ಒಂದರ ಬೇಡಿಕೆ ಕುಸಿದಾಗ ಇನ್ನೊಂದರ ಆಟ ನಿಂತಿತು.

ಅಗ್ರ ಲೀಗಿನಲ್ಲಿ ಎರಡು ಋತು

1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾದದ್ದು ಭಾರತೀಯ ಫುಟ್‌ಬಾಲಿನ ಸ್ವರೂಪವನ್ನೇ ಬದಲಿಸಿತು. ಅದುವರೆಗೆ ಕೆಲವು ದಿನಗಳಲ್ಲಿ ಮುಗಿಯುವ ಕಪ್ ಪಂದ್ಯಾವಳಿಗಳೇ ಮುಖ್ಯವಾಗಿದ್ದವು. ಲೀಗು ತಿಂಗಳುಗಟ್ಟಲೆ ನಡೆಯುವಂಥದು; ಸ್ವಂತ ಊರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡಬೇಕು. ಈ ಲೀಗಿನ ಕಾಲದಲ್ಲಿ ಐ.ಟಿ.ಐ. ಮತ್ತು ಎಚ್.ಎ.ಎಲ್. ಎರಡೂ ಕೆಲವು ಋತುಗಳಲ್ಲಿ ಮೇಲಿನ ವಿಭಾಗದಲ್ಲಿ ಕಾಣಿಸಿಕೊಂಡವು. 2007ರಲ್ಲಿ ಅದನ್ನು ಐ-ಲೀಗ್ ಎಂಬ ಹೆಸರಿನಲ್ಲಿ ವೃತ್ತಿಪರ ಲೀಗಾಗಿ ಪುನಾರಚಿಸಲಾಯಿತು.

2010ರಲ್ಲಿ ಎರಡನೆಯ ವಿಭಾಗದಿಂದ ಬಡ್ತಿ ಪಡೆದ ತಂಡಗಳು ಎರಡು: ಓ.ಎನ್.ಜಿ.ಸಿ. ಮತ್ತು ಎಚ್.ಎ.ಎಲ್. ಎರಡೂ ಸಾರ್ವಜನಿಕ ವಲಯದ ಉದ್ದಿಮೆಗಳ ತಂಡಗಳೆಂಬುದು ಗಮನಾರ್ಹ. 2010-11ರ ಋತುವಿನಲ್ಲಿ 14 ತಂಡಗಳಿದ್ದವು, ಪ್ರತಿ ತಂಡಕ್ಕೆ 26 ಪಂದ್ಯಗಳು. ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವನ್ನು ತವರಾಗಿಸಿಕೊಂಡ ಎಚ್.ಎ.ಎಲ್., ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಡೆಂಪೊ, ಸಾಲಗಾಂವಕರ್‌ಗಳಂಥ ತಂಡಗಳ ನಡುವೆ ಆಡಿ ಆ ವರ್ಷ ತನ್ನ ಸ್ಥಾನವನ್ನು ಉಳಿಸಿಕೊಂಡಿತು. ಅದರೊಂದಿಗೆ ಬಡ್ತಿ ಪಡೆದಿದ್ದ ಓ.ಎನ್.ಜಿ.ಸಿ. ಹಿಂಬಡ್ತಿ ಹೊಂದಿತು. 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಗೆದ್ದಿದ್ದ ಪಂಜಾಬಿನ ಜೆ.ಸಿ.ಟಿ. ತಂಡವೂ ಅದರ ಜೊತೆಗೇ ಕೆಳಗಿಳಿದು, 2011ರಲ್ಲಿ ಮುಚ್ಚಿಹೋಯಿತು. ಇಂಥ ಋತುವಿನಲ್ಲಿ ನೌಕರರ ತಂಡವೊಂದು ಉಳಿದುಕೊಂಡದ್ದು ಸಣ್ಣ ಸಾಧನೆಯಲ್ಲ.

ಮರುವರ್ಷ ಆ ಅದೃಷ್ಟ ಉಳಿಯಲಿಲ್ಲ. 2011-12ರ ಋತುವಿನ ಕೊನೆಗೆ ಎಚ್.ಎ.ಎಲ್. ಮತ್ತು ಚಿರಾಗ್ ಯುನೈಟೆಡ್ ಕೇರಳ ತಂಡಗಳು ಹಿಂಬಡ್ತಿ ಪಡೆದವು. 2012ರ ನಂತರ ಎಚ್.ಎ.ಎಲ್. ಹೆಸರು ದೇಶದ ಅಗ್ರ ಲೀಗಿನಲ್ಲಿ ಮತ್ತೆ ಕಾಣಲಿಲ್ಲ.

ಸೋಲೇ ಕಾರಣವೆ?

ಮೇಲ್ನೋಟಕ್ಕೆ ಇದು ಮೈದಾನದಲ್ಲಿ ಸೋತ ತಂಡವೊಂದರ ಕಥೆ. ಆದರೆ ಮುಂದಿನ ಒಂದೇ ವರ್ಷದ ಘಟನೆಗಳು ಬೇರೆಯದನ್ನು ಹೇಳುತ್ತವೆ. ಏಷ್ಯಾದ ಫುಟ್‌ಬಾಲ್ ಒಕ್ಕೂಟವು ಕ್ಲಬ್ಬುಗಳಿಗೆ ಪರವಾನಗಿ ಪದ್ಧತಿಯನ್ನು ರೂಪಿಸಿತ್ತು. ಕ್ರೀಡಾ ತರಬೇತಿ, ಮೂಲಸೌಕರ್ಯ, ಆಡಳಿತ ಸಿಬ್ಬಂದಿ, ಕಾನೂನುಬದ್ಧ ಸ್ಥಾನಮಾನ, ಹಣಕಾಸು ಎಂಬ ಐದು ಬಗೆಯ ಮಾನದಂಡಗಳನ್ನು ಕ್ಲಬ್ಬು ಪೂರೈಸಬೇಕಿತ್ತು. ಅದಕ್ಕೆ ತನ್ನದೇ ಆದ ಕಾನೂನುಬದ್ಧ ಅಸ್ತಿತ್ವ, ತನ್ನದೇ ಲೆಕ್ಕಪತ್ರ, ಕಿರಿಯರ ತಂಡಗಳು ಬೇಕಿದ್ದವು. ವಿಮಾನ ತಯಾರಿಸುವ ಸರ್ಕಾರಿ ಉದ್ದಿಮೆಯ ಒಂದು ಕ್ರೀಡಾ ವಿಭಾಗ ಇಂಥ ಸ್ವತಂತ್ರ ಸಂಸ್ಥೆಯಾಗುವುದು ಸುಲಭವಲ್ಲ.

2013ರಲ್ಲಿ ಏರ್ ಇಂಡಿಯಾ ಮತ್ತು ಓ.ಎನ್.ಜಿ.ಸಿ. ತಂಡಗಳನ್ನು ಐ-ಲೀಗಿನಿಂದ ಕೈಬಿಡಲಾಯಿತು. ಕಾರಣ ಅಂಕಗಳ ಕೊರತೆಯಲ್ಲ, ಪರವಾನಗಿಯ ಮಾನದಂಡಗಳನ್ನು ಪೂರೈಸದಿದ್ದದ್ದು. ಎಂದ ಮೇಲೆ, 2012ರಲ್ಲಿ ಎಚ್.ಎ.ಎಲ್. ಇನ್ನಷ್ಟು ಪಂದ್ಯಗಳನ್ನು ಗೆದ್ದು ಲೀಗಿನಲ್ಲಿ ಉಳಿದಿದ್ದರೂ ಮರುವರ್ಷ ಅದೇ ಬಾಗಿಲು ಅದಕ್ಕೂ ಮುಚ್ಚುವ ಸಂಭವವೇ ಹೆಚ್ಚು. ಮೈದಾನದ ಸೋಲು ಅಂತ್ಯವನ್ನು ಒಂದು ವರ್ಷ ಮುಂಚಿತವಾಗಿ ತಂದಿತು, ಅಷ್ಟೆ. ಈ ತಂಡದ ಪತನವನ್ನು ಆಟಗಾರರ ತಲೆಗೆ ಕಟ್ಟುವುದು ಆದ್ದರಿಂದ ನ್ಯಾಯವಾಗಲಾರದು.

ಖಾಸಗಿ ಆಶ್ರಯದ ಇನ್ನೊಂದು ಮುಖ

ಹಾಗಾದರೆ ಖಾಸಗಿ ಬಂಡವಾಳವೇ ಪರಿಹಾರವೆ? ನೆರೆಯ ಕೇರಳದ ಎಫ್.ಸಿ. ಕೊಚ್ಚಿನ್ ಕ್ಲಬ್ಬಿನ ಅನುಭವವನ್ನು ಇಲ್ಲಿ ನೆನೆಯಬಹುದು. ದೇಶದ ಮೊದಲ ಪೂರ್ಣ ವೃತ್ತಿಪರ ಕ್ಲಬ್ಬೆಂದು ಹೆಸರಾಗಿ 1997ರಲ್ಲಿ ಹುಟ್ಟಿದ ಅದು ಅದೇ ವರ್ಷ ಡ್ಯುರಾಂಡ್ ಕಪ್ಪನ್ನು ಗೆದ್ದಿತು. ಐ.ಎಂ. ವಿಜಯನ್ ಅವರಂಥ ದೊಡ್ಡ ಹೆಸರುಗಳ ಜೊತೆಗೆ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಕೂಡ ಅಲ್ಲಿ ಆಡಿದರು. ಆದರೆ ಹಣದ ಮೂಲ ಬತ್ತಿದಾಗ 2002ರ ಹೊತ್ತಿಗೆ ಕ್ಲಬ್ಬೇ ಮುಚ್ಚಿತು. ಮುಂಬಯಿಯ ಮಹೀಂದ್ರ ಯುನೈಟೆಡ್ 2010ರಲ್ಲಿ ಕಣ್ಮರೆಯಾಯಿತು. ಅದರ ಒಡೆತನದ ಕಂಪನಿ ದಿವಾಳಿಯಾಗಿರಲಿಲ್ಲ, ಅದರ ಆದ್ಯತೆ ಬದಲಾಗಿತ್ತು. ಕಾರ್ಖಾನೆಯ ತಂಡದಲ್ಲಿ ಆಟಗಾರನಿಗೆ ನೌಕರಿಯಾದರೂ ಉಳಿಯುತ್ತಿತ್ತು; ಖಾಸಗಿ ಕ್ಲಬ್ಬು ಮುಚ್ಚಿದಾಗ ಅದೂ ಉಳಿಯುವುದಿಲ್ಲ.

ಬೆಂಗಳೂರಿನಲ್ಲಿ ಎಚ್.ಎ.ಎಲ್. ತೆರವು ಮಾಡಿದ ಜಾಗಕ್ಕೆ 2013ರಲ್ಲಿ ಜೆ.ಎಸ್.ಡಬ್ಲ್ಯು. ಸಮೂಹದ ಬೆಂಗಳೂರು ಎಫ್.ಸಿ. ಬಂದಿತು. ಅದು 2013-14ರ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿತು. ಅದೇ ಸಮೂಹವು ಉಕ್ಕಿನ ಕಾರ್ಖಾನೆಯಿರುವ ಬಳ್ಳಾರಿ ಸೀಮೆಯಲ್ಲಿ ತರಬೇತಿ ಕೇಂದ್ರವನ್ನೂ ಕಟ್ಟಿದೆ. ಎಚ್.ಎ.ಎಲ್.ಗೆ ಇಲ್ಲದ ಎರಡು ಸಂಗತಿಗಳು ಇಲ್ಲಿವೆ: ಕ್ಲಬ್ಬಿಗೆ ತನ್ನದೇ ಆದ ಸ್ವರೂಪ ಮತ್ತು ಊರಿನ ಹೆಸರು. ಕಾರ್ಖಾನೆಯ ಹೆಸರನ್ನು ಕೂಗಿ ಹುರಿದುಂಬಿಸುವವನು ಅದರ ನೌಕರ. ಊರಿನ ಹೆಸರನ್ನು ಯಾರು ಬೇಕಾದರೂ ಕೂಗಬಹುದು.

ಹುಬ್ಬಳ್ಳಿ-ಧಾರವಾಡದ ಮುಂದಿರುವ ಪ್ರಶ್ನೆ

ಈಗ ಅವಳಿನಗರದತ್ತ ಹೊರಳಬಹುದು. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಮೈಸೂರು ತಂಡದ ಆರಂಭದ ಜಯಗಳು ಆಡಳಿತದ ಮಟ್ಟಿಗೆ ಈ ಭಾಗದವಲ್ಲ. ಏಕೀಕರಣದ ನಂತರವೂ ರಾಜ್ಯದ ಫುಟ್‌ಬಾಲು ಬೆಂಗಳೂರು ಕೇಂದ್ರಿತವಾಗಿಯೇ ಉಳಿಯಿತು. ಆದರೆ ಫುಟ್‌ಬಾಲ್ ತಂಡವನ್ನು ಸಾಕಬಲ್ಲ ಆಶ್ರಯದಾತ ಸಂಸ್ಥೆಗಳು ಇಲ್ಲಿ ಇರಲಿಲ್ಲವೆಂದಲ್ಲ. ಹುಬ್ಬಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ರೈಲ್ವೆ ಕಾರ್ಯಾಗಾರವಿತ್ತು. ಧಾರವಾಡದಲ್ಲಿ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, ಮುಂದೆ ವಿಶ್ವವಿದ್ಯಾಲಯ ಬಂದವು. 2003ರಲ್ಲಿ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಯಿತು. ಆದರೂ ನೈಋತ್ಯ ರೈಲ್ವೆಯ ತಂಡ ಬೆಂಗಳೂರಿನ ಲೀಗಿನಲ್ಲಿ ಆಡಿದೆ. ಆಡಳಿತದ ಕಚೇರಿ ಇಲ್ಲಿದ್ದರೂ ಲೀಗು ಅಲ್ಲಿದ್ದುದರಿಂದ ಆಟವೂ ಅಲ್ಲಿಯೇ ನಡೆಯಿತು.

ಕ್ರಿಕೆಟ್ಟಿನ ನಿದರ್ಶನವೂ ಬೋಧಪ್ರದ. 2023ರ ಮಹಾರಾಜ ಟ್ರೋಫಿಯನ್ನು ಹುಬ್ಬಳ್ಳಿ ಟೈಗರ್ಸ್ ತಂಡ ಗೆದ್ದಿತು. ಆ ಪಂದ್ಯಾವಳಿ ನಡೆದದ್ದು ಮಾತ್ರ ಬೆಂಗಳೂರಿನಲ್ಲಿ. ಊರಿನ ಹೆಸರು ತಂಡಕ್ಕೆ ದೊರೆತರೆ ಊರಿಗೆ ತಂಡ ದೊರೆತಂತಾಗುವುದಿಲ್ಲ.

ಬೆಂಗಳೂರು ಮುಸ್ಲಿಮ್ಸ್ ತಂಡವನ್ನು ದಂಡಿನ ಸಮುದಾಯ ಪೊರೆಯಿತು, ಎಚ್.ಎ.ಎಲ್. ಅನ್ನು ಸರ್ಕಾರಿ ಉದ್ದಿಮೆ, ಎಫ್.ಸಿ. ಕೊಚ್ಚಿನ್ ಅನ್ನು ಖಾಸಗಿ ಹಣ. ಮೂರೂ ಗೆಲ್ಲಬಲ್ಲವಾಗಿದ್ದವು, ಆದರೆ ಆಶ್ರಯ ಸಡಿಲಿದ ಮೇಲೆ ನಿಲ್ಲಲು ಕೊನೆಯ ಎರಡಕ್ಕೆ ಸ್ವಂತ ಕಾಲಿರಲಿಲ್ಲ. ಆದ್ದರಿಂದ ಅವಳಿನಗರದಲ್ಲಿ ಕ್ಲಬ್ಬು ಕಟ್ಟುವವರು ದಾನಿಯನ್ನು ಹುಡುಕುವ ಮೊದಲು ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಜಿಲ್ಲಾ ಮಟ್ಟದಲ್ಲಿ ವರ್ಷವಿಡೀ ನಡೆಯುವ ಲೀಗು ಬೇಕು. ಹತ್ತು-ಹನ್ನೆರಡು ವರ್ಷದ ಮಕ್ಕಳಿಂದ ತೊಡಗುವ ಕಿರಿಯರ ತಂಡಗಳು ಬೇಕು. ದಾನಿ ಬದಲಾದರೂ ಉಳಿಯುವಂತೆ ಸದಸ್ಯರ ಹೆಸರಿನಲ್ಲಿ ನೋಂದಾಯಿತವಾದ ಸಂಸ್ಥೆ ಬೇಕು. ಸಹಕಾರಿ ಸಂಘದ ತತ್ತ್ವವನ್ನು ಶತಮಾನದ ಹಿಂದೆಯೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಆಚರಣೆಗೆ ತಂದ ಈ ಸೀಮೆಗೆ ಇದು ಅಪರಿಚಿತವಾದ ಮಾರ್ಗವಲ್ಲ.

2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವು 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. ಆಟಗಾರರು ಇಂದಿಗೂ ಹುಟ್ಟುತ್ತಿದ್ದಾರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಅವರನ್ನು ಉಳಿಸಿಕೊಳ್ಳುವ ಮನೆಯನ್ನು ಕಟ್ಟುವುದು ಊರುಗಳ ಹೊಣೆ. ಆ ಹೊಣೆಯ ಮೊದಲ ಭಾಗ ಸಂಶೋಧಕರ ಪಾಲಿನದು: ಕಾರ್ಖಾನೆಗಳ ಗೃಹಪತ್ರಿಕೆಗಳು, ರೈಲ್ವೆ ಸಂಸ್ಥೆಗಳ ದಾಖಲೆಗಳು, ಹಳೆಯ ದಿನಪತ್ರಿಕೆಗಳ ಕ್ರೀಡಾಪುಟಗಳು, ಇನ್ನೂ ನಮ್ಮೊಡನಿರುವ ಹಿರಿಯ ಆಟಗಾರರ ನೆನಪುಗಳು ಕಳೆದುಹೋಗುವ ಮುನ್ನ ಅವನ್ನು ಸಂಗ್ರಹಿಸಿ ಗ್ರಂಥಾಲಯಗಳಲ್ಲಿ ಇರಿಸಬೇಕು. ತಂಡಗಳು ಮುಚ್ಚಿದ ಕಾರಣಗಳು ಬರಹದಲ್ಲಿ ಉಳಿಯದಿದ್ದರೆ, ಮುಂದಿನವರು ಅದೇ ತಳಪಾಯದ ಮೇಲೆ ಮತ್ತೆ ಗೋಡೆ ಎಬ್ಬಿಸುತ್ತಾರೆ.