ಟೈಲ್ಸ್ ನಡುವಿನ ಸಂದು: ಎರಡು ಮಿಲಿಮೀಟರಿನ ಮಹತ್ವ

ಮಂಡ್ಯ: ಹೊಸ ಮನೆಗೆ ಟೈಲ್ಸ್ ಆರಿಸುವಾಗ ಬಣ್ಣ, ಹೊಳಪು, ಚದರಡಿಯ ಬೆಲೆ ಇವುಗಳ ಚರ್ಚೆಗೆ ದಿನಗಳೇ ಹಿಡಿಯುತ್ತವೆ. ಎರಡು ಬಿಲ್ಲೆಗಳ ನಡುವೆ ಎಷ್ಟು ಸಂದು ಬಿಡಬೇಕು, ಅದಕ್ಕೆ ಏನನ್ನು ತುಂಬಬೇಕು ಎಂಬುದು ಮಾತ್ರ ಕೊನೆಯ ದಿನ ಮೇಸ್ತ್ರಿಯ ಇಷ್ಟಕ್ಕೆ ಉಳಿಯುತ್ತದೆ. ಸಂದೇ ಕಾಣದಂತೆ ಒತ್ತಿ ಜೋಡಿಸಿ ಬಿಳಿ ಸಿಮೆಂಟ್ ಸವರುವುದು ಅಚ್ಚುಕಟ್ಟು ಕೆಲಸವೆಂಬ ನಂಬಿಕೆ ಹಲವೆಡೆ ಇದೆ. ನೆಲದ ಟೈಲ್ಸ್ ಉಬ್ಬಿ ಏಳುವುದಕ್ಕೆ, ಬಚ್ಚಲಿನ ನೀರು ಪಕ್ಕದ ಗೋಡೆಗೆ ಇಳಿಯುವುದಕ್ಕೆ ಈ ನಂಬಿಕೆಯೂ ಒಂದು ಕಾರಣ.

ಸಂದು ಏಕೆ ಬೇಕು?

ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲು ಲಕ್ಷ್ಮೀನಾರಾಯಣ ದೇಗುಲದಲ್ಲಿ 13ನೇ ಶತಮಾನದ ಹೊಯ್ಸಳ ಶಿಲ್ಪಿಗಳು ಗಾರೆಯ ಹಂಗಿಲ್ಲದೆ ಕಲ್ಲಿಗೆ ಕಲ್ಲನ್ನು ಕೂಡಿಸಿದ್ದಾರೆ. ಅಲ್ಲಿ ಪ್ರತಿ ಕಲ್ಲನ್ನೂ ಪಕ್ಕದ ಕಲ್ಲಿಗೆ ಹೊಂದುವಂತೆ ಕೆತ್ತಲಾಗಿತ್ತು. ಟೈಲ್ಸ್ ಸಂಗತಿಯೇ ಬೇರೆ. ವಿಟ್ರಿಫೈಡ್ ಬಿಲ್ಲೆ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯುವಾಗ ಕುಗ್ಗುತ್ತದೆ. ಪೆಟ್ಟಿಗೆಯ ಮೇಲೆ ಒಂದೇ ಅಳತೆ ಬರೆದಿದ್ದರೂ ಬಿಲ್ಲೆಯಿಂದ ಬಿಲ್ಲೆಗೆ ಕೂದಲೆಳೆಯ ವ್ಯತ್ಯಾಸ ಉಳಿಯುತ್ತದೆ. ಆ ವ್ಯತ್ಯಾಸವನ್ನು ನುಂಗಿಕೊಳ್ಳುವುದು ಸಂದಿನ ಮೊದಲ ಕೆಲಸ.

ಎರಡನೆಯ ಕಾರಣ ಬಿಸಿಲು. 10 ಮೀಟರ್ ಉದ್ದದ ತಾರಸಿಯಲ್ಲಿ ಮುಂಜಾನೆಗೂ ಮಧ್ಯಾಹ್ನಕ್ಕೂ 35 ಡಿಗ್ರಿ ಅಂತರವಿದ್ದರೆ ಟೈಲ್ಸ್ ಸಾಲು 2 ಮಿ.ಮೀ.ಗೂ ಹೆಚ್ಚು ಹಿಗ್ಗಬಲ್ಲದು. ಹಿಗ್ಗಲು ಜಾಗವಿಲ್ಲದಿದ್ದರೆ ಅದು ಡೇರೆಯಂತೆ ಮೇಲೇಳುತ್ತದೆ.

ಅಗಲ ಎಷ್ಟು?

ಬೇರೆ ಬೇರೆ ಪೆಟ್ಟಿಗೆಗಳಿಂದ ಹತ್ತು ಬಿಲ್ಲೆ ತೆಗೆದು ಅಳೆಯಬೇಕು. ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಇರುವ ಅಂತರದ ಮೂರು ಪಟ್ಟು ಸಂದು ಬಿಡಬೇಕೆಂಬುದು ಸರ್ವಸಮ್ಮತ ಸೂತ್ರ. ಅಂತರ 0.7 ಮಿ.ಮೀ. ಇದ್ದರೆ ಸಂದು ಸುಮಾರು 2 ಮಿ.ಮೀ. ಅಂಚು ಕತ್ತರಿಸಿ ಸಮಗೊಳಿಸಿದ ಟೈಲ್ಸ್‌ಗೂ 1.5 ಮಿ.ಮೀ.ಗಿಂತ ಕಡಿಮೆ ಸಲ್ಲದು. ಸಾಮಾನ್ಯ ಸೆರಾಮಿಕ್‌ಗೆ 3 ಮಿ.ಮೀ., ತಾರಸಿ ಮತ್ತು ಅಂಗಳಕ್ಕೆ 3ರಿಂದ 5 ಮಿ.ಮೀ. ಸೂಕ್ತ. ಸಂದು ಒಂದೇ ಸಮನಾಗಿರಲು ಪ್ಲಾಸ್ಟಿಕ್ ಸ್ಪೇಸರ್ ಬಳಸಬೇಕು.

ಇದಲ್ಲದೆ ಗೋಡೆಯ ಬುಡದಲ್ಲಿ ಸುಮಾರು 6 ಮಿ.ಮೀ. ಜಾಗ ಬಿಟ್ಟರೆ ಸ್ಕರ್ಟಿಂಗ್ ಅದನ್ನು ಮರೆಮಾಡುತ್ತದೆ. ದೊಡ್ಡ ಹಜಾರದಲ್ಲಿ 6ರಿಂದ 7 ಮೀಟರಿಗೊಂದು, ಬಿಸಿಲು ಬೀಳುವಲ್ಲಿ ಸುಮಾರು 3 ಮೀಟರಿಗೊಂದು ಸಂದನ್ನು ಗ್ರೌಟ್ ಬದಲು ಹಿಗ್ಗುವ ಸೀಲೆಂಟ್‌ನಿಂದ ತುಂಬಬೇಕು.

ಯಾವ ಗ್ರೌಟ್?

ಶ್ರೀರಂಗಪಟ್ಟಣ ಬಳಿ 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಕಲ್ಲುಗಳ ನಡುವೆ ತುಂಬಿದ್ದು ಸುಣ್ಣಕ್ಕೆ ಸುಟ್ಟ ಜೇಡಿಯ ಪುಡಿ ಬೆರೆಸಿದ ಸುರ್ಕಿ ಗಾರೆ. ನೀರಿನಲ್ಲೂ ಗಟ್ಟಿಯಾಗುವುದು ಅದರ ಗುಣ. ಎದುರಿಸಬೇಕಾದ ನೀರನ್ನು ನೋಡಿ ಗಾರೆ ಆರಿಸಬೇಕೆಂಬ ಆ ತತ್ವ ಮನೆಯ ನೆಲಕ್ಕೂ ಸಲ್ಲುತ್ತದೆ.

3 ಮಿ.ಮೀ.ವರೆಗಿನ ಸಂದಿಗೆ ಮರಳಿಲ್ಲದ ಸಿಮೆಂಟ್ ಗ್ರೌಟ್, ಅದಕ್ಕಿಂತ ಅಗಲವಾದರೆ ಮರಳು ಬೆರೆತದ್ದು ಬೇಕು. ಇಲ್ಲವಾದರೆ ಒಣಗುವಾಗ ಬಿರುಕು ಬಿಡುತ್ತದೆ. ಐಎಸ್‌ಒ 13007 ಮಾನದಂಡದಲ್ಲಿ ಸಿಜಿ 1 ಸಾಮಾನ್ಯ ಸಿಮೆಂಟ್ ಗ್ರೌಟ್, ಸಿಜಿ 2 ಸುಧಾರಿತ ಗ್ರೌಟ್. ಎಪಾಕ್ಸಿ ಬಗೆಯದು ಆರ್‌ಜಿ.

ನಾಗಮಂಗಲ, ಕೆ.ಆರ್.ಪೇಟೆ ಭಾಗದಲ್ಲಿ ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಿಗೆ ಈ ಆಯ್ಕೆ ಮುಖ್ಯ. ಬಚ್ಚಲಿನ ಬಿಳಿ ಕಲೆ ತೆಗೆಯಲು ಸುರಿಯುವ ಆ್ಯಸಿಡ್ ಸಿಮೆಂಟ್ ಗ್ರೌಟನ್ನೂ ಕರಗಿಸುತ್ತದೆ. ಸಂದು ಟೊಳ್ಳಾಗಿ ನೀರು ಕೆಳಗಿಳಿಯುತ್ತದೆ. ಬಚ್ಚಲು, ಅಡುಗೆಕಟ್ಟೆಗಳಿಗೆ ದುಬಾರಿಯಾದರೂ ಎಪಾಕ್ಸಿ ಲೇಸು.

ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಆಸುಪಾಸು, ಗದ್ದೆಯ ಮಗ್ಗುಲಲ್ಲಿ ಮನೆ ಕಟ್ಟುವವರ ಕಷ್ಟ ಬೇರೆ. ನೆಲದಡಿಯ ತೇವ ಸಂದಿನ ಮೂಲಕ ಲವಣ ಹೊತ್ತು ಮೇಲೇರಿ ಬಿಳಿ ಪುಡಿಯಾಗಿ ಕಾಣಿಸುತ್ತದೆ. ಯಾವ ಗ್ರೌಟೂ ಇದಕ್ಕೆ ಮದ್ದಲ್ಲ. ಟೈಲ್ಸ್ ಹಾಕುವ ಮುನ್ನವೇ ನೆಲಕ್ಕೆ ತೇವ ತಡೆಯುವ ಪದರ ಹಾಕಿಸಬೇಕು.

ಗಮನಿಸಬೇಕಾದ ಅಂಶಗಳು

ಟೈಲ್ಸ್ ಕೂರಿಸಿದ ಮೇಲೆ ಕನಿಷ್ಠ 24 ಗಂಟೆ ಬಿಟ್ಟು ಗ್ರೌಟ್ ತುಂಬಬೇಕು. ಪೊಟ್ಟಣದಲ್ಲಿ ಸೂಚಿಸಿದ್ದಕ್ಕಿಂತ ಹೆಚ್ಚು ನೀರು ಬೆರೆಸಿದರೆ ಗ್ರೌಟ್ ಪುಡಿಯಾಗುತ್ತದೆ, ಬಣ್ಣವೂ ಒಂದೇ ತೆರನಾಗಿರದು. ಎಪಾಕ್ಸಿ ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲೆಸಿ, ಮೇಲಿನ ಪಸೆಯನ್ನು ಕೂಡಲೇ ಒರೆಸಬೇಕು. ಸಂದಿನ ಅಗಲ ಮತ್ತು ಗ್ರೌಟ್‌ನ ಬಗೆಯನ್ನು ಕೆಲಸ ಶುರುವಾಗುವ ಮೊದಲೇ ಮೇಸ್ತ್ರಿಯೊಂದಿಗಿನ ಒಪ್ಪಂದದಲ್ಲಿ ಬರೆಸುವುದು ಉತ್ತಮ. ಹಾಕಿದ ನೆಲವನ್ನು ಕೀಳದೆ ಸಂದನ್ನು ಅಗಲಿಸುವುದು ಸುಲಭವಲ್ಲ.