ಮನೆಗೆ ಬಂದ ಶಾಲೆ, ಮರೆತುಹೋದ ಆರೋಗ್ಯ

ಹನ್ನೊಂದು ವರ್ಷದ ಹುಡುಗಿ. ಸರ್ಕಾರಿ ಶಾಲೆಯಲ್ಲಿ ಆರನೆಯ ತರಗತಿ. 2021ರ ಕೊನೆಯಲ್ಲಿ ಶಾಲೆಗಳು ಮತ್ತೆ ತೆರೆದು ಕೆಲವು ವಾರಗಳಾಗಿದ್ದವು. ತಾಯಿ ಅವಳನ್ನು ಕರೆತಂದಿದ್ದು ಕಾಯಿಲೆ ಎಂದಲ್ಲ. ಮೇಷ್ಟರು ಹೇಳಿಕಳಿಸಿದರು ಎಂದು. "ಹಲಗೆ ನೋಡಿ ಬರೆಯೋದೇ ಇಲ್ಲವಂತೆ ಡಾಕ್ಟ್ರೇ, ಪಕ್ಕದವಳ ಪುಸ್ತಕ ನೋಡಿ ಬರೀತಾಳಂತೆ. ಮೊದಲು ಜಾಣೆಯಾಗಿದ್ದಳು. ಮೊಬೈಲ್ ನೋಡಿ ನೋಡಿ ಸೋಮಾರಿಯಾಗಿದ್ದಾಳೆ" ಎಂದು ತಾಯಿ ಬೇಸರಪಟ್ಟರು.

ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯಲ್ಲಿ ಹುಡುಗಿ ಎರಡನೆಯ ಸಾಲು ದಾಟಲಿಲ್ಲ. ಕಣ್ಣಿನ ತಜ್ಞರು ಪರೀಕ್ಷಿಸಿ ಎರಡೂ ಕಣ್ಣಿಗೆ ಮೈನಸ್ ಒಂದೂವರೆಯ ಕನ್ನಡಕ ಬರೆದುಕೊಟ್ಟರು. ಅವಳು ಸೋಮಾರಿಯಾಗಿರಲಿಲ್ಲ, ಅವಳಿಗೆ ಹಲಗೆಯೇ ಕಾಣುತ್ತಿರಲಿಲ್ಲ.

ಹಾಗಾದರೆ ಒಂದೂವರೆ ವರ್ಷ ಯಾರಿಗೂ ಇದು ಗೊತ್ತಾಗಲಿಲ್ಲವೇಕೆ? ಅಷ್ಟು ದಿನ ಅವಳು ಪಾಠ ಕೇಳಿದ್ದು ಅಪ್ಪನ ಮೊಬೈಲಿನಲ್ಲಿ. ಸಮೀಪದೃಷ್ಟಿಯ ದೋಷವಿರುವ ಮಗುವಿಗೆ ದೂರದ್ದು ಮಸುಕು, ಹತ್ತಿರದ್ದು ಸ್ಪಷ್ಟ. ಮುಖದ ಹತ್ತಿರ ಹಿಡಿದ ಮೊಬೈಲಿನ ಅಕ್ಷರ ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ನಮ್ಮ ಶಾಲೆಗಳ ಕಪ್ಪುಹಲಗೆ ಪಾಠಕ್ಕೆ ಮಾತ್ರ ಇರುವುದಲ್ಲ. ಬಡವರ ಮನೆಯ ಮಕ್ಕಳಿಗೆ ಅದೇ ಮೊದಲ ಕಣ್ಣಿನ ಪರೀಕ್ಷೆ. ಹಲಗೆ ಇಲ್ಲದಾಗ ಆ ಪರೀಕ್ಷೆಯೂ ನಿಂತುಹೋಗಿತ್ತು.

ಸರ್ಕಾರವೇ ಆನ್‌ಲೈನ್ ಪಾಠ ನಡೆಸುವಾಗ ಯಾವುದನ್ನು ಮರೆಯಬಾರದು, ಮನೆಯವರು ಏನು ಮಾಡಬೇಕು ಎಂಬುದನ್ನು ಈ ವಾರ ನೋಡೋಣ.

ಹೊಸದೇನೂ ಅಲ್ಲ

ಸರ್ಕಾರಿ ಆನ್‌ಲೈನ್ ಶಾಲೆ ಕೊರೊನಾ ಕಾಲದಲ್ಲಿ ಹುಟ್ಟಿದ್ದು ಎಂದು ಅನೇಕರ ಭಾವನೆ. ಅಮೆರಿಕದ ಫ್ಲಾರಿಡಾ ರಾಜ್ಯ 1997ರಲ್ಲೇ ಇಂಥ ಶಾಲೆ ತೆರೆದಿತ್ತು. ನಮ್ಮ ಇಸ್ರೊ ಸಂಸ್ಥೆ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿದ್ದು 2004ರ ಸೆಪ್ಟೆಂಬರ್ 20ರಂದು. ಅದರ ಪಾಠಗಳನ್ನು ಮೊದಲು ಪಡೆದವರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳೂ ಇದ್ದರು. ಅದೇ ಉಪಗ್ರಹದ ನೆರವಿನಿಂದ ಕೇರಳ 'ವಿಕ್ಟರ್ಸ್' ಎಂಬ ಶೈಕ್ಷಣಿಕ ವಾಹಿನಿಯನ್ನು ಕಟ್ಟಿಕೊಂಡಿತು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಕೇರಳಕ್ಕೆ ಈ ವಾಹಿನಿ ಆಸರೆಯಾಯಿತು. ಆ ವರ್ಷದ ಜೂನ್ 1ರಂದು, ಅಂದರೆ ಎಂದಿನಂತೆ ಶಾಲೆ ಆರಂಭವಾಗುವ ದಿನವೇ, 'ಫಸ್ಟ್ ಬೆಲ್' ಎಂಬ ಹೆಸರಿನಲ್ಲಿ ಟಿ.ವಿ. ಪಾಠಗಳು ಆರಂಭವಾದವು. ಬೆಕ್ಕುಗಳ ಕಥೆ ಹೇಳುತ್ತಾ ಒಂದನೆಯ ತರಗತಿಯ ಪಾಠ ಮಾಡಿದ ಟೀಚರ್ ಮನೆಮನೆಯ ಮಾತಾದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೂ ಪಾಠಗಳು ಸಿದ್ಧವಾದವು. ಕರ್ನಾಟಕದಲ್ಲಿ ಚಂದನ ವಾಹಿನಿಯ ಮೂಲಕ 'ಸಂವೇದ' ಪಾಠಗಳು ಬಂದದ್ದು ಓದುಗರಿಗೆ ನೆನಪಿದೆ.

ಆ ಕಾಲ ಮುಗಿಯಿತು ಎನ್ನುವ ಹಾಗಿಲ್ಲ. ದೆಹಲಿ ಸರ್ಕಾರ 2022ರ ಆಗಸ್ಟ್‌ನಲ್ಲಿ 9ರಿಂದ 12ನೆಯ ತರಗತಿಯವರಿಗೆ ಆನ್‌ಲೈನ್ ಶಾಲೆಯನ್ನೇ ಆರಂಭಿಸಿತು. 2024ರ ನವೆಂಬರ್‌ನಲ್ಲಿ ಅಲ್ಲಿನ ಗಾಳಿ ಉಸಿರಾಡಲಾಗದಷ್ಟು ಕೆಟ್ಟಾಗ ಮಕ್ಕಳ ಪಾಠ ಮತ್ತೆ ಮನೆಗೆ ಬಂತು. ಮಳೆ, ಪ್ರವಾಹ, ಹೊಗೆ, ರೋಗ ಎಂದು ಇನ್ನು ಮುಂದೆಯೂ ಶಾಲೆ ಮನೆಗೆ ಬರುತ್ತಲೇ ಇರುತ್ತದೆ.

ಪಾಠಕ್ಕೂ ಒಂದು ಪ್ರಮಾಣ

ಔಷಧಿಗೆ ಪ್ರಮಾಣವಿದೆ. ಮಗುವಿಗೆ ಅರ್ಧ ಮಾತ್ರೆ, ದೊಡ್ಡವರಿಗೆ ಒಂದು. ಪರದೆಯ ಮುಂದಿನ ಪಾಠವೂ ಹಾಗೆಯೇ. ಆನ್‌ಲೈನ್ ಶಾಲೆಯ ವೇಳಾಪಟ್ಟಿ ಎಂದರೆ ವೈದ್ಯರ ಚೀಟಿ ಇದ್ದಂತೆ.

ಕೇಂದ್ರ ಶಿಕ್ಷಣ ಸಚಿವಾಲಯ 2020ರ ಜುಲೈನಲ್ಲಿ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿ ಈ ಪ್ರಮಾಣವನ್ನು ಹೇಳಿದೆ. ಶಾಲೆಗೂ ಸೇರದ ಎಳೆಯರಿಗೆ ದಿನಕ್ಕೆ 30 ನಿಮಿಷ ಮೀರಬಾರದು, ಅದೂ ಪೋಷಕರೊಂದಿಗೆ. 1ರಿಂದ 8ನೆಯ ತರಗತಿಗೆ 30ರಿಂದ 45 ನಿಮಿಷದ ಎರಡು ಅವಧಿ. 9ರಿಂದ 12ನೆಯ ತರಗತಿಗೆ ಹೆಚ್ಚೆಂದರೆ ನಾಲ್ಕು ಅವಧಿ.

ಕೇರಳದ ಟಿ.ವಿ. ಪಾಠ ಈ ಲೆಕ್ಕಕ್ಕೆ ಸಹಜವಾಗಿಯೇ ಹೊಂದಿತು. ಒಂದೇ ವಾಹಿನಿಯನ್ನು ಎಲ್ಲ ತರಗತಿಗಳೂ ಹಂಚಿಕೊಳ್ಳಬೇಕಾಗಿದ್ದರಿಂದ ಆರಂಭದ ವೇಳಾಪಟ್ಟಿಯಲ್ಲಿ ಒಂದನೆಯ ತರಗತಿಗೆ ಸಿಕ್ಕಿದ್ದು ದಿನಕ್ಕೆ ಅರ್ಧ ಗಂಟೆ, ಹತ್ತನೆಯ ತರಗತಿಗೆ ಒಂದೂವರೆ ಗಂಟೆ. ಕಡಿಮೆಯಾಯಿತು ಎಂದು ಗೊಣಗಿದ ಪೋಷಕರಿದ್ದರು. ಆದರೆ ವೈದ್ಯನ ದೃಷ್ಟಿಯಿಂದ ಆ ಬಡತನವೇ ಒಂದು ಭಾಗ್ಯ. ಇನ್ನೊಂದು ಲಾಭವೂ ಇತ್ತು. ಟಿ.ವಿ.ಯನ್ನು ಮೂರು ಮೀಟರ್ ದೂರದಿಂದ ನೋಡಬಹುದು, ಮೊಬೈಲನ್ನು ಮಕ್ಕಳು ಒಂದು ಗೇಣು ದೂರದಲ್ಲಿ ಹಿಡಿಯುತ್ತಾರೆ. ಅದೇ ಕಾಲದಲ್ಲಿ ಊರೂರಿನಲ್ಲಿ ಮಕ್ಕಳು ದಿನಕ್ಕೆ ನಾಲ್ಕೈದು ಗಂಟೆ ಮೊಬೈಲಿನ ಮುಂದೆ ಕೂತದ್ದನ್ನು ನಾವೆಲ್ಲ ಕಂಡಿದ್ದೇವೆ.

ಕಣ್ಣಿಗೆ ಆಗುವುದೇನು?

ಕಣ್ಣುಗುಡ್ಡೆ ಬೆಳೆಯುವ ವಯಸ್ಸಿನಲ್ಲಿ ಅಗತ್ಯಕ್ಕಿಂತ ಉದ್ದವಾದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ಇದೇ ಸಮೀಪದೃಷ್ಟಿ. ವಂಶವಾಹಿ ಒಂದು ಕಾರಣ. ಸದಾ ಹತ್ತಿರದ ಕೆಲಸ ಮತ್ತು ಹೊರಗಿನ ಬೆಳಕಿನ ಕೊರತೆ ಇತರ ಕಾರಣಗಳು. ಎಲ್ಲವನ್ನೂ ಮೊಬೈಲಿನ ತಲೆಗೆ ಕಟ್ಟುವುದು ಸರಿಯಲ್ಲ. ಮನೆಯೊಳಗೆ ಕೂಡಿಟ್ಟದ್ದೂ ಅಷ್ಟೇ ದೊಡ್ಡ ತಪ್ಪು.

ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ಒಂದು ನಗರದಲ್ಲಿ ಪ್ರತಿವರ್ಷ ಶಾಲಾ ಮಕ್ಕಳ ಕಣ್ಣು ಪರೀಕ್ಷಿಸುತ್ತಾರೆ. 2015ರಿಂದ 2019ರವರೆಗೆ ಆರು ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ ಶೇಕಡ 5.7ನ್ನು ಮೀರಿರಲಿಲ್ಲ. ಮಕ್ಕಳು ತಿಂಗಳುಗಟ್ಟಲೆ ಮನೆಯಲ್ಲಿದ್ದ 2020ರಲ್ಲಿ ಅದು ಶೇಕಡ 21.5ಕ್ಕೆ ಏರಿತು. ದೊಡ್ಡ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಕಾಣಲಿಲ್ಲ. ಎಳೆಯ ಕಣ್ಣೇ ಬೇಗ ಬಾಗುವ ಕಣ್ಣು ಎಂದಾಯಿತು.

ಇದಕ್ಕೆ ಮದ್ದು ದುಬಾರಿಯಲ್ಲ. ಚೀನಾದ ಗ್ವಾಂಗ್‌ಜೌ ನಗರದ 12 ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳ ಒಂದನೆಯ ತರಗತಿಯ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದ ನಂತರ ಉಳಿದ ಶಾಲೆಗಳಲ್ಲಿ ಶೇಕಡ 39.5 ಮಕ್ಕಳಿಗೆ ಸಮೀಪದೃಷ್ಟಿ ಬಂದಿದ್ದರೆ, ಹೊರಗೆ ಬಿಟ್ಟವರಲ್ಲಿ ಶೇಕಡ 30.4 ಮಕ್ಕಳಿಗೆ ಮಾತ್ರ ಬಂದಿತ್ತು. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಹಗಲು ಬೆಳಕಿನಲ್ಲಿ ಕುಂಟೆಬಿಲ್ಲೆ ಆಡಿದರೂ ಸಾಕು, ಕಣ್ಣಿಗೆ ಅದೇ ಔಷಧಿ.

ಪರದೆ ನೋಡುವಾಗ ಇನ್ನೊಂದು ತೊಂದರೆಯಿದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯ ಮುಂದೆ ಇದು ಅರ್ಧಕ್ಕೂ ಇಳಿಯುತ್ತದೆ. ಕಣ್ಣೀರಿನ ತೆಳುಪದರ ಒಣಗಿ ಉರಿ, ಕೆಂಪು, ತಲೆನೋವು ಬರುತ್ತವೆ. ಇದು ವಿಶ್ರಾಂತಿಯಿಂದ ವಾಸಿಯಾಗುವಂಥದು, ಹೆದರಬೇಕಿಲ್ಲ.

ಪರದೆ ಕೊಡಲಾರದ್ದು

ಸರ್ಕಾರಿ ಶಾಲೆ ಪಾಠವನ್ನಷ್ಟೇ ಕೊಡುತ್ತದೆಯೇ? ಮಧ್ಯಾಹ್ನದ ಬಿಸಿಯೂಟದಲ್ಲಿ ಕಿರಿಯ ಮಗುವಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, 6ರಿಂದ 8ನೆಯ ತರಗತಿಯ ಮಗುವಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಇರಬೇಕೆಂದು ನಿಯಮ. ನಮ್ಮ ರಾಜ್ಯದಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಸೇರಿತು. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ, ಕಣ್ಣು ಹಲ್ಲುಗಳ ತಪಾಸಣೆ, ಇವೆಲ್ಲ ಶಾಲೆಯ ಬಾಗಿಲಿನಿಂದಲೇ ಬಡ ಮಗುವಿನ ಮೈ ಸೇರುತ್ತವೆ.

ಶಾಲೆ ಮನೆಗೆ ಬಂದಾಗ ಪಾಠ ಬಂತು, ಇವು ಬರಲಿಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಬಿಸಿಯೂಟದ ವಿಚಾರವನ್ನು ಕೈಗೆತ್ತಿಕೊಂಡಿತು. ರಾಜ್ಯಗಳು ಅಕ್ಕಿ, ಬೇಳೆಗಳನ್ನು ಮನೆಗೆ ಕೊಟ್ಟವು. ಒಳ್ಳೆಯ ಕೆಲಸವೇ. ಆದರೆ ಮನೆಗೆ ಬಂದ ಅಕ್ಕಿ ಮನೆಮಂದಿಯದೆಲ್ಲ ಆಗುತ್ತದೆ, ಶಾಲೆಯ ತಟ್ಟೆ ಮಾತ್ರ ಆ ಮಗುವಿನದೇ. ರಕ್ತಹೀನತೆಯಿಂದ ಸುಸ್ತಾದ ಮಗುವಿಗೆ ಎಷ್ಟು ಒಳ್ಳೆಯ ವಿಡಿಯೊ ತೋರಿಸಿದರೂ ತಲೆಗೆ ಹತ್ತುವುದಿಲ್ಲ.

ಮನಸ್ಸಿನ ಭಾರ

ಕೇರಳದಲ್ಲಿ ಪಾಠ ಆರಂಭವಾದಾಗ ಎರಡೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಮನೆಯಲ್ಲಿ ಟಿ.ವಿ.ಯೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ ಎಂಬ ಲೆಕ್ಕ ಸಿಕ್ಕಿತ್ತು. ಎಲ್ಲರೂ ಕಲಿಯುವಾಗ ತಾನು ಮಾತ್ರ ಹಿಂದೆ ಬಿದ್ದೆ ಎಂಬ ಸಂಕಟವನ್ನು ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಊಟ ಬಿಡುತ್ತಾರೆ, ಸಿಡುಕುತ್ತಾರೆ, ಮೂಲೆ ಹಿಡಿಯುತ್ತಾರೆ. ಅಲ್ಲಿ ಗ್ರಂಥಾಲಯ, ಅಂಗನವಾಡಿಗಳಲ್ಲಿ ಟಿ.ವಿ. ಇರಿಸಿ ಅಕ್ಕಪಕ್ಕದ ಮಕ್ಕಳು ಒಟ್ಟಾಗಿ ಪಾಠ ಕೇಳುವ ಏರ್ಪಾಡಾಯಿತು. ಆರಂಭದ ದಿನಗಳ ಪಾಠಗಳನ್ನು ಪ್ರಾಯೋಗಿಕವೆಂದು ಪರಿಗಣಿಸಿ ಮರುಪ್ರಸಾರ ಮಾಡಲಾಯಿತು. ನಮ್ಮಲ್ಲಿ 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಎಂದು ಶಿಕ್ಷಕರೇ ಜಗಲಿ, ಗುಡಿಯ ಅಂಗಳಗಳಿಗೆ ಹೋಗಿ ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಪಾಠ ಹೇಳುವ ಮನುಷ್ಯನ ಮುಖ ಕಂಡರೆ ಮಗುವಿನ ಅರ್ಧ ಚಿಂತೆ ಇಳಿಯುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಸರ್ಕಾರ ಏನು ಮಾಡಬಹುದು?

ಆನ್‌ಲೈನ್ ಶಾಲೆಯ ಯೋಜನೆ ಬರೆಯುವ ಮೇಜಿನ ಸುತ್ತ ಶಿಕ್ಷಕರು, ಎಂಜಿನಿಯರರ ಜೊತೆ ಒಬ್ಬ ಮಕ್ಕಳ ವೈದ್ಯರೂ ಕೂರಬೇಕು. ಚಿಕ್ಕ ತರಗತಿಗಳಿಗೆ ಮೊಬೈಲಿಗಿಂತ ಟಿ.ವಿ., ರೇಡಿಯೊ ಲೇಸು. ರೇಡಿಯೊ ಕೇಳಲು ಕಣ್ಣೇ ಬೇಕಿಲ್ಲ. ಎರಡು ಪಾಠಗಳ ನಡುವಿನ ಬಿಡುವನ್ನು ವೇಳಾಪಟ್ಟಿಯಲ್ಲೇ ಅಚ್ಚು ಹಾಕಬೇಕು. ಊಟ, ಮಾತ್ರೆ, ತಪಾಸಣೆಗೆಂದು ವಾರಕ್ಕೊಂದು ದಿನವಾದರೂ ಮಗು ಶಾಲೆಯ ಅಂಗಳಕ್ಕೆ ಬರುವಂತಿರಬೇಕು. ದೀರ್ಘಕಾಲ ಮುಚ್ಚಿದ ಶಾಲೆ ತೆರೆದ ಮೊದಲ ತಿಂಗಳಲ್ಲೇ ಎಲ್ಲ ಮಕ್ಕಳ ಕಣ್ಣು ನೋಡಿಸಬೇಕು.

ಮನೆಯಲ್ಲಿ ನೀವು ಗಮನಿಸಬೇಕಾದ್ದು

1. ಟಿ.ವಿ. ಇದ್ದರೆ ಮೊಬೈಲ್ ಬೇಡ. ಮೊಬೈಲೇ ಗತಿಯಾದರೆ ಪುಸ್ತಕಗಳ ಮೇಲೆ ಒರಗಿಸಿ ನಿಲ್ಲಿಸಿ, ಒಂದು ಮೊಳದಷ್ಟು ದೂರವಿರಲಿ. ಕತ್ತು ಬಗ್ಗಿಸಿ ನೋಡುವುದು ತಪ್ಪುತ್ತದೆ.

2. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಮರವನ್ನೋ ಗೋಡೆಯನ್ನೋ 20 ಸೆಕೆಂಡು ನೋಡಿಸಿ. ಬೇಕೆಂದೇ ರೆಪ್ಪೆ ಬಡಿಯಲು ಹೇಳಿ.

3. ಕತ್ತಲೆಯಲ್ಲಿ, ಮಲಗಿಕೊಂಡು ಪಾಠ ಕೇಳುವುದು ಬೇಡ. ಕಿವಿಗೆ ಸಿಕ್ಕಿಸುವ ಇಯರ್‌ಫೋನ್‌ನ ಧ್ವನಿ ಅರ್ಧಕ್ಕಿಂತ ಬಹಳ ಮೇಲೆ ಹೋಗಬಾರದು.

4. ದಿನಕ್ಕೆ ಎರಡು ಗಂಟೆ ಹಗಲು ಬೆಳಕಿನಲ್ಲಿ ಹೊರಗಿರಲಿ. ಅದರಲ್ಲಿ ಒಂದು ಗಂಟೆಯಾದರೂ ಓಡಿ ಆಡಲಿ.

5. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಪರದೆ ಆರಿಸಿ. ಅದರ ಬೆಳಕು ನಿದ್ರೆ ತರಿಸುವ ಮೆಲಟೋನಿನ್ ರಸವನ್ನು ಕುಗ್ಗಿಸುತ್ತದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು.

6. ಗೋಡೆಯ ಕ್ಯಾಲೆಂಡರನ್ನು ಹತ್ತು ಅಡಿ ದೂರ ನಿಲ್ಲಿಸಿ ಓದಿಸಿ. ಒಂದು ಕಣ್ಣು ಮುಚ್ಚಿ ಒಮ್ಮೆ, ಇನ್ನೊಂದು ಮುಚ್ಚಿ ಒಮ್ಮೆ. ನಿಮಗೆ ಕಾಣುವ ಅಂಕಿ ಮಗುವಿಗೆ ಕಾಣದಿದ್ದರೆ, ಕಣ್ಣು ಕಿರಿದು ಮಾಡಿ ನೋಡಿದರೆ, ಟಿ.ವಿ.ಯ ಹತ್ತಿರ ಹತ್ತಿರ ಹೋದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದೊಡ್ಡ ಖರ್ಚಿಲ್ಲ.

ಕನ್ನಡಕ ಹಾಕಿದರೆ ನಂಬರು ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ಹೆಣ್ಣುಮಗುವಿಗೆ ಕನ್ನಡಕ ಬೇಡ ಎಂಬ ಅಳುಕನ್ನೂ ಬಿಡಿ.

ಆ ಹುಡುಗಿ ಕನ್ನಡಕ ಹಾಕಿಕೊಂಡ ದಿನ ಹೊರಗೆ ಬಂದು ಎದುರಿನ ಮರವನ್ನು ಬಹಳ ಹೊತ್ತು ನೋಡಿದಳಂತೆ. "ಅಮ್ಮಾ, ಎಲೆ ಒಂದೊಂದೂ ಬೇರೆ ಬೇರೆ ಕಾಣುತ್ತೆ" ಎಂದಳಂತೆ. ಮುಂದಿನ ವಾರ ಮೇಷ್ಟರಿಂದ ದೂರು ಬರಲಿಲ್ಲ. ಮನೆಗೆ ಬಂದ ಶಾಲೆಯಲ್ಲಿ ಆ ಮೇಷ್ಟರ ಕಣ್ಣು ಇರುವುದಿಲ್ಲ. ಆ ದಿನಗಳಲ್ಲಿ ಮಗುವನ್ನು ನೋಡುವ ಕಣ್ಣು ನಿಮ್ಮದೇ ಆಗಬೇಕು.