ಕುದಿದ ಇಂಜಿನ್ನು: ರಿಪೇರಿಯೋ, ಬದಲಾವಣೆಯೋ?

ಕಾರು ಈಗ ಶ್ರೀಮಂತರ ಮನೆಯ ವಸ್ತುವಾಗಿ ಉಳಿದಿಲ್ಲ. ಶಾಲಾ ಮಾಸ್ತರರ ಮನೆಯ ಮುಂದೆಯೂ, ಒಕ್ಕಲುತನದ ಮನೆಯ ಅಂಗಳದಲ್ಲಿಯೂ ಹತ್ತು ಹನ್ನೆರಡು ವರ್ಷದ ಹಳೆಯ ಗಾಡಿಯೊಂದು ನಿಂತಿರುವುದನ್ನು ನಾವು ಕಾಣುತ್ತೇವೆ. ಅಂತಹ ಗಾಡಿಯ ಇಂಜಿನ್ನು ಒಂದು ದಿನ ಕಾದು ಕುದಿದು ನಿಂತುಬಿಟ್ಟರೆ ಅದನ್ನು ರಿಪೇರಿ ಮಾಡಿಸಬೇಕೆ, ಬೇರೆ ಇಂಜಿನ್ನು ಕೂಡಿಸಬೇಕೆ, ಇಲ್ಲವೆ ಬಂದಷ್ಟಕ್ಕೆ ಮಾರಿಬಿಡಬೇಕೆ ಎಂಬ ಪ್ರಶ್ನೆ ಗೃಹಸ್ಥನನ್ನು ಕಂಗೆಡಿಸುತ್ತದೆ. 2024ರ ಏಪ್ರಿಲಿನಲ್ಲಿ ಈ ಪ್ರಶ್ನೆ ನಮ್ಮ ಮನೆಗೇ ಬಂದಿತು. ಗ್ರಂಥಗಳ ನಡುವೆ ಆಯುಷ್ಯ ಕಳೆದ ನಮಗೆ ಇಂಜಿನ್ನಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಹತ್ತು ದಿನ ಗ್ಯಾರೇಜಿನ ಬಾಂಕಿನ ಮೇಲೆ ಕುಳಿತು, ನೋಡಿ ಕೇಳಿ ತಿಳಿದುಕೊಂಡುದನ್ನಷ್ಟೇ ಇಲ್ಲಿ ಹೇಳುತ್ತೇವೆ.

ನಮ್ಮ ತಮ್ಮನ ಮಗ ಗದಗಿನಲ್ಲಿ ಪ್ರೌಢಶಾಲಾ ಶಿಕ್ಷಕ. ಅವನ ತಾಯಿಗೆ ಮೂತ್ರಪಿಂಡದ ಕಾಯಿಲೆ. ಅವರನ್ನು ನೋಡುವ ವೈದ್ಯರು ಹುಬ್ಬಳ್ಳಿಯಲ್ಲಿರುವುದರಿಂದ ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಅಲ್ಲಿಗೆ ಕರೆದೊಯ್ಯಬೇಕು. ಅದಕ್ಕಾಗಿಯೇ ಅವನು 2012ರ ಮಾದರಿಯ ಸಣ್ಣ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದ. ಆ ದಿನ ಅಣ್ಣಿಗೇರಿ ದಾಟಿದ ಮೇಲೆ ಉಷ್ಣತೆಯ ಮುಳ್ಳು ಕೆಂಪು ಗೆರೆಗೆ ಏರಿತು. ತಾಯಿಯ ಸರದಿ ತಪ್ಪೀತೆಂಬ ಭಯದಿಂದ ಅವನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗಿಯೇ ಕೆಳಗಿಳಿಯಿತು. ಗಂಡಾಂತರ ಕಳೆಯಿತೆಂದು ಅವನು ಮತ್ತೂ ನಾಲ್ಕಾರು ಮೈಲು ಓಡಿಸಿದ. ಆಮೇಲೆ ಇಂಜಿನ್ನು ಶಕ್ತಿಗುಂದಿ, ಖಟಖಟ ಸದ್ದು ಮಾಡಿ, ನಿಂತೇಬಿಟ್ಟಿತು. ತಾಯಿಯನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ ಕಳಿಸಬೇಕಾಯಿತು.

“ಮುಳ್ಳು ಇಳೀತಲ್ರೀ ದೊಡ್ಡಪ್ಪಾರ, ಅದಕ್ಕ ಹೊಡದೆ” ಎಂದು ಅವನು ಅಂದು ಎಷ್ಟು ಸಲ ಹೇಳಿದನೋ! ಅವನನ್ನು ನಾವು ದೂಷಿಸುವುದಿಲ್ಲ. ಆದರೆ ವಾಹನವುಳ್ಳ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ ಇಲ್ಲಿಯೇ ಇದೆ. ಉಷ್ಣತೆಯನ್ನು ಅಳೆಯುವ ಸೆನ್ಸರು ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ನಿಜ ಹೇಳುತ್ತದೆ. ಹೋಸ್ ಪೈಪು ಒಡೆದು ಕೂಲಂಟ್ ಪೂರ್ತಿ ಸೋರಿಹೋದರೆ ಅದು ಬರಿಯ ಹಬೆಯಲ್ಲಿ ನಿಂತು ಸುಳ್ಳು ಹೇಳತೊಡಗುತ್ತದೆ. ಕೆಂಪಿಗೇರಿದ ಮುಳ್ಳು ಕಾರಣವಿಲ್ಲದೆ ಇಳಿದರೆ ಇಂಜಿನ್ನು ತಣ್ಣಗಾಯಿತೆಂದಲ್ಲ, ನೀರು ಮುಗಿಯಿತೆಂದು ತಿಳಿಯಬೇಕು. ಆ ಕ್ಷಣವೇ ಬದಿಗೆ ನಿಲ್ಲಿಸಿ ಇಂಜಿನ್ನು ಆರಿಸಬೇಕು. ಮುಕ್ಕಾಲು ತಾಸಾದರೂ ರೇಡಿಯೇಟರಿನ ಮುಚ್ಚಳ ಮುಟ್ಟಕೂಡದು. ಒತ್ತಡದಲ್ಲಿರುವ ಆ ಹಬೆ ಮುಖ ಬೇಯಿಸೀತು. ಕಾದ ಇಂಜಿನ್ನಿಗೆ ತಣ್ಣೀರು ಸುರಿಯುವುದಂತೂ ಕಾದ ಗಾಜಿನ ಮೇಲೆ ನೀರು ಹಾಕಿದಂತೆಯೇ ಸರಿ.

ಗಾಡಿ ಹುಬ್ಬಳ್ಳಿಯ ಗ್ಯಾರೇಜು ಸೇರಿದ ಮೇಲೆ ಸಲಹೆಗಳ ಸುರಿಮಳೆಯಾಯಿತು. ಒಂದು ದೊಡ್ಡ ಗ್ಯಾರೇಜಿನವರು ಒಂದು ಬೋಲ್ಟನ್ನೂ ಬಿಚ್ಚದೆ, ಇಂಜಿನ್ನೇ ಬದಲಿಸಬೇಕೆಂದು ಲೆಕ್ಕ ಬರೆದುಕೊಟ್ಟರು. ಬಂಧುಗಳು ಗುಜರಿಗೆ ಹಾಕೆಂದರು. ವಯಸ್ಸಾದ ಮಿಸ್ತ್ರಿಯೊಬ್ಬರು ಮಾತ್ರ, “ಹೆಡ್ ಬಿಚ್ಚಿ ಅಳೀದ ಏನೂ ಹೇಳಾಕ ಬರೂದಿಲ್ರೀ ಯಜಮಾನ್ರ” ಎಂದರು. ನಮಗೆ ಆ ಮಾತು ಹಿಡಿಸಿತು, ಗಾಡಿಯನ್ನು ಅವರಿಗೇ ಒಪ್ಪಿಸಿದೆವು.

ಏನನ್ನು ಅಳೆಯಬೇಕು? ಹಿಂದೆ ಕಲಕತ್ತೆಯ ಬಳಿಯ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಡರ್ ಕಾರನ್ನು ಓದುಗರು ಮರೆತಿರಲಾರರು. ಅದರ ಹಳೆಯ ಪೆಟ್ರೋಲ್ ಇಂಜಿನ್ನಿನ ಕೆಳಗಿನ ಬ್ಲಾಕೂ, ಅದರ ಮೇಲೆ ಕೂರುವ ಹೆಡ್ಡೂ ಬೀಡುಕಬ್ಬಿಣದವು. ಘಟ್ಟದ ರಸ್ತೆಯಲ್ಲಿ ಕುದಿದರೆ ನಿಲ್ಲಿಸಿ, ತಣಿಸಿ, ನೀರು ಹಾಕಿ ಮುಂದೆ ಹೋಗುತ್ತಿದ್ದೆವು. ಈಗಿನ ಕಾರುಗಳ ಹೆಡ್ಡು ಅಲ್ಯುಮಿನಿಯಮ್ಮಿನದು. ಹಗುರವಾದ ಈ ಲೋಹ ಕಾಯ್ದಾಗ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳಿಂದ ಬಿಗಿದು ಕೂರಿಸಿರುವುದರಿಂದ ಹಿಗ್ಗಲು ಎಡೆಯಿಲ್ಲದೆ ಡೊಂಕಾಗುತ್ತದೆ. ಆಗ ನಡುವಿನ ಗ್ಯಾಸ್ಕೆಟ್ ಸುಟ್ಟು ನೀರು ಎಣ್ಣೆಗೂ, ಎಣ್ಣೆ ನೀರಿಗೂ ಸೇರುತ್ತವೆ. ಎಣ್ಣೆಯ ಕಡ್ಡಿ ಎಳೆದು ನೋಡಿದರೆ ಹಾಲು ಹೆಚ್ಚಾದ ಚಹದ ಬಣ್ಣ ಕಾಣುವುದು ಇದರಿಂದಲೇ.

ಇಷ್ಟಕ್ಕೇ ಇಂಜಿನ್ನು ಸತ್ತಿತೆನ್ನಲಾಗದು. ನಮ್ಮ ಗಾಡಿಯ ಹೆಡ್ಡಿನ ಮೇಲೆ ಮಿಸ್ತ್ರಿ ನೇರವಾದ ಉಕ್ಕಿನ ಪಟ್ಟಿಯಿಟ್ಟು, ಅಡಿಯಲ್ಲಿ ತೆಳು ತಗಡಿನ ಫೀಲರ್ ಗೇಜುಗಳನ್ನು ತೂರಿಸಿ ನೋಡಿದರು. ಡೊಂಕು 0.12 ಮಿಲಿಮೀಟರ್ ಇತ್ತು. ಕಂಪನಿಯವರು ಆ ಇಂಜಿನ್ನಿಗೆ ಒಪ್ಪುವುದು 0.05, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಲೇತಿನವರಲ್ಲಿ ಫೇಸಿಂಗ್ ಹೊಡೆಸಿದರೆ ಇದು ಸರಿಹೋಗುತ್ತದೆ; ಎಷ್ಟು ಹೆರೆಯಬಹುದೆಂಬುದಕ್ಕೂ ಮಿತಿಯುಂಟು. ಮೊದಲು ಒತ್ತಡದ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ, ಗುಳ್ಳೆಗಳು ಬರದ ಕಾರಣ ಬಿರುಕಿಲ್ಲವೆಂದು ಖಚಿತಪಡಿಸಿಕೊಂಡರು. ಅತಿಯಾಗಿ ಕಾಯ್ದ ಅಲ್ಯುಮಿನಿಯಮ್ಮು ಹದಗೆಟ್ಟು ಮೆತ್ತಗಾಗುವುದೂ ಉಂಟು. ಅಂತಹ ಹೆಡ್ಡು ಫೇಸಿಂಗಿನ ನಂತರವೂ ಗ್ಯಾಸ್ಕೆಟ್ ಹಿಡಿಯಲಾರದು.

ನಿಜವಾದ ತೀರ್ಪು ಇರುವುದು ಕೆಳಗಿನ ಬ್ಲಾಕಿನಲ್ಲಿ. ಪಿಸ್ಟನ್ ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಗೀರಿದೆಯೆ? ಮಿಸ್ತ್ರಿ ಒಂದೊಂದರಲ್ಲಿಯೂ ಉಗುರಾಡಿಸಿದರು. ಕಣ್ಣಿಗೆ ಕಂಡರೂ ಉಗುರಿಗೆ ಸಿಗದ ಗೀರಿಗೆ ಅಂಜಬೇಕಿಲ್ಲವಂತೆ. ನಮ್ಮದರಲ್ಲಿ ಅಂತಹುದೊಂದೇ ಇತ್ತು. ಪಕ್ಕದಲ್ಲಿ ನಿಂತಿದ್ದ ಟ್ಯಾಕ್ಸಿಯೊಂದರಲ್ಲಿ ಗೀರುಗಳು ಉಗುರನ್ನೇ ಹಿಡಿಯುತ್ತಿದ್ದವು, ಬೇರಿಂಗುಗಳೂ ಸುಟ್ಟಿದ್ದವು. ಅದಕ್ಕೆ ಬೋರಿಂಗು, ದಪ್ಪ ಪಿಸ್ಟನ್ನು, ಕ್ರ್ಯಾಂಕಿನ ಗ್ರೈಂಡಿಂಗು ಎಂದು ಸೇರಿಸುತ್ತ ಹೋದರೆ ಖರ್ಚು ಬೇರೆ ಇಂಜಿನ್ನಿನ ಬೆಲೆಗೇ ಮುಟ್ಟುತ್ತಿತ್ತು. ಆ ಗಾಡಿಗೆ ಇನ್ನೂ ಆರೇ ವರ್ಷ, ಬಾಡಿ ಗಟ್ಟಿ, ದಿನವೂ ದುಡಿಯುವಂಥದು. ಅದರ ಮಾಲೀಕನಿಗೆ ಇಂಜಿನ್ ಬದಲಿಸೆಂದೇ ಮಿಸ್ತ್ರಿ ಹೇಳಿದರು. ನಮಗೂ ಅದೇ ಸರಿಯೆನಿಸಿತು.

ನಮ್ಮ ಹುಡುಗನ ಲೆಕ್ಕ ಬೇರೆ. 2027ಕ್ಕೆ ಅವನ ಗಾಡಿಯ ನೋಂದಣಿಗೆ ಹದಿನೈದು ವರ್ಷ ತುಂಬುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹೊಸ ಇಂಜಿನ್ನಿನ ಬೆಲೆ ಗಾಡಿಯ ಬೆಲೆಯನ್ನೇ ಮೀರುತ್ತಿತ್ತು. ಗುಜರಿಯ ಇಂಜಿನ್ನು 55 ಸಾವಿರಕ್ಕೆ ಸಿಗುತ್ತಿತ್ತು. ಆದರೆ ಅದು ಯಾವ ಗಾಡಿಯದು, ಅದೂ ಒಮ್ಮೆ ಕುದಿದುದಲ್ಲವೆಂದು ಹೇಳುವವರಾರು? ಅದೂ ಅಲ್ಲದೆ ಇಂಜಿನ್ನಿನ ಸಂಖ್ಯೆ ಆರ್.ಸಿ. ಪುಸ್ತಕದಲ್ಲಿ ದಾಖಲಾಗಿರುತ್ತದೆ. ಅದೇ ಮಾದರಿಯ ಇಂಜಿನ್ನನ್ನು ಆರ್.ಟಿ.ಓ. ಅನುಮತಿಯಿಲ್ಲದೆ ಕೂಡಿಸುವ ಸೌಲಭ್ಯವನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಸರಕಾರ ಕೊಡಬಹುದಾದುದು ಹತ್ತಕ್ಕೆ ಕಡಿಮೆಯಿಲ್ಲದ ಸಾರಿಗೆ ವಾಹನಗಳುಳ್ಳವರಿಗೆ ಮಾತ್ರ. ಮನೆಬಳಕೆಯವರು ಅನುಮತಿ ಪಡೆದು ಹೊಸ ಸಂಖ್ಯೆಯನ್ನು ದಾಖಲಿಸಿಕೊಳ್ಳಲೇಬೇಕು. ಗುಜರಿ ಇಂಜಿನ್ನು ಕೊಳ್ಳುವವರು ಅದರ ಕಾಗದಪತ್ರವನ್ನು ಮೊದಲು ಕೇಳುವುದು ಲೇಸು.

ಹೀಗಾಗಿ ರಿಪೇರಿಯೇ ಆಯಿತು. ಫೇಸಿಂಗು, ಹೊಸ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟುಗಳು, ರಿಂಗುಗಳು, ಎರಡು ಸಲ ಎಣ್ಣೆ ಬದಲಾವಣೆ ಎಲ್ಲ ಸೇರಿ 31 ಸಾವಿರ ರೂಪಾಯಿ. ಬೋಲ್ಟುಗಳನ್ನು ಅಂದಾಜಿನಿಂದ ಬಿಗಿಯದೆ ಟಾರ್ಕ್ ರೆಂಚಿನಿಂದಲೇ ಬಿಗಿದುದನ್ನು ನಾವು ನಿಂತು ನೋಡಿದೆವು.

ಮೂಲ ರೋಗವನ್ನು ಬಿಟ್ಟು ಇಂಜಿನ್ನಿಗಷ್ಟೇ ಮದ್ದು ಮಾಡಿದ್ದರೆ ಹೊಸದೂ ಕುದಿಯುತ್ತಿತ್ತು. ಹುಡುಗ ವರ್ಷಗಟ್ಟಲೆ ಕೂಲಂಟಿನ ಬದಲು ಬೋರಿನ ನೀರು ಹಾಕುತ್ತಿದ್ದ. ನಮ್ಮ ಸೀಮೆಯ ಬೋರಿನ ನೀರು ಗಡಸು. ಚಹ ಕಾಸುವ ಪಾತ್ರೆಯ ತಳಕ್ಕೆ ಹಿಡಿಯುವ ಬಿಳಿಯ ಉಪ್ಪನ್ನು ತಾಯಂದಿರು ಬಲ್ಲರು. ಅದೇ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟಿತ್ತು. ಶಾಖ ಹೆಚ್ಚಿ, ಹಳೆಯದಾಗಿ ಬಿರಿದಿದ್ದ ಹೋಸು ಒಡೆದಿತ್ತು. ಎರಡು ಸಾವಿರ ರೂಪಾಯಿಯೂ ಆಗದ ಹೋಸು, ಕೂಲಂಟು! ರೇಡಿಯೇಟರು, ಥರ್ಮೋಸ್ಟಾಟು, ಮುಚ್ಚಳ ಮೂರನ್ನೂ ಬದಲಿಸಿ, ಅದರ ಖರ್ಚನ್ನು ನಾವೇ ಕೊಟ್ಟೆವು.

ಆ ಹತ್ತು ದಿನ ತಾಯಿ ಬಸ್ಸಿನಲ್ಲಿಯೇ ಓಡಾಡಿದರು, ಬರುವಾಗ ಒಮ್ಮೆ ನಿಂತುಕೊಂಡು ಬಂದರಂತೆ. ಈಗ ಗಾಡಿ ಓಡುತ್ತಿದೆ. ಬೆಳಗಿನ ಐದೂವರೆಗೆ ಹೊರಡುವಾಗ ಅವನು ಬಾನೆಟ್ ಎತ್ತಿ ಕೂಲಂಟಿನ ಬಾಟಲಿ ನೋಡುತ್ತಾನೆ. ಎಂದಾದರೂ ಮರೆತು ಬಾಗಿಲು ತೆಗೆದರೆ ತಾಯಿ ಒಳಗೆ ಕೂರುವುದಿಲ್ಲ, ಹೊಸ್ತಿಲಲ್ಲಿಯೇ ನಿಂತು, “ನೀರು ನೋಡಿದೇನೋ ತಮ್ಮಾ?” ಎಂದು ಕೇಳುತ್ತಾರೆ.